ಹದಿನೇಳು ತೊಂಬತ್ತೊಂಬತ್ತರ ಗಾಡಿ

ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ ನಂಜಪ್ಪ. ಅಂದದ್ದು ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ, ಸಾವಿರದ ಒಂಬೈನೂರ ತೊಂಬತ್ತಮೂರರ ಮೇ ಇಪ್ಪತ್ತೊಂಬತ್ತರಂದು, ಹತ್ತಾರು ಜನರ ಎದುರಿಗೆ. ತಾರೀಕು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ನನ್ನ ಜಾಣತನವಲ್ಲ. ಆ ನಿಲ್ದಾಣದ ಕಂಟ್ರೋಲರ್ ಬೋರಲಿಂಗಯ್ಯನವರ ಮೈಕು.

ಅವತ್ತು ಎರಡನೇ ಪಿಯುಸಿ ಫಲಿತಾಂಶ ನೋಡಲು ಮಾವನ ಜೊತೆ ಸಿಂಧಘಟ್ಟದಿಂದ ಬಂದಿದ್ದೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಹೊಲ ನೋಡುತ್ತಿದ್ದವರು, ಅಮ್ಮನಿಗೂ ನನಗೂ ದಿಕ್ಕಾಗಿದ್ದವರು ಅವರೇ. ಎಲ್ಲ ವಿಷಯದಲ್ಲೂ ಪಾಸಾಗಿ ಇತಿಹಾಸದಲ್ಲಿ ಇಪ್ಪತ್ತೆಂಟಕ್ಕೆ ನಿಂತಿದ್ದೆ. ಇಸವಿಗಳು ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆ ಹಸುಗಳಿಗೆ ಹುಲ್ಲು ಹಾಕುವಷ್ಟರಲ್ಲಿ ಕಲಸಿಹೋಗುತ್ತಿತ್ತು.

“ಮೊದ್ಲೇ ಏಳಿರ್ಲಿಲ್ವಾ?” ಎಂದರು ಮಾವ, ಬಸ್ಸಿಗೆ ಕಾಯುತ್ತಾ. “ನಿಮ್ ತಾತ ಎಬ್ಬೆಟ್ಟು, ನಿಮ್ಮಪ್ಪ ಎಬ್ಬೆಟ್ಟು, ನಾನೂ ಎಬ್ಬೆಟ್ಟು. ನಮ್ ಮನೇಲಿ ಡಿಗ್ರಿ ಅನ್ನೋದು ಆಗಾಕಿಲ್ಲ ಕಣವ್ವ ಭಾಗ್ಯ. ಬೇಕಾದ್ರೆ ಬರ್ಕೊಡ್ತೀನಿ.”

ಹೆಬ್ಬೆಟ್ಟಿನವರು ಬರೆದುಕೊಡುವುದು ಹೇಗೆ ಎಂದು ಕೇಳುವ ಧೈರ್ಯ ಆ ದಿನ ನನಗಿರಲಿಲ್ಲ. ತಲೆ ತಗ್ಗಿಸಿಕೊಂಡು ಕಲ್ಲು ಬೆಂಚಿನ ಮೇಲೆ ಕೂತಿದ್ದೆ. ಆಗ ಕಂಬದ ಮೇಲಿನ ಸ್ಪೀಕರು ಗೊರಗುಟ್ಟಿತು.

“ಪ್ರಯಾಣಿಕರ ಗಮನಕ್ಕೆ. ಸಿಂಧಘಟ್ಟ ಮಾರ್ಗದ ವಾಹನವು ಮದುವೆ ದಿಬ್ಬಣಕ್ಕೆ ಹೋಗಿರುವುದರಿಂದ ಬೇರೆ ವಾಹನ ಬರುವವರೆಗೆ ತಾವೆಲ್ಲರೂ ಸಹಕರಿಸಬೇಕು. ಅಲ್ಲಿಯತನಕ ಒಂದು ವಿಷಯ. ಇದೇ ಮೇ ಇಪ್ಪತ್ತೊಂಬತ್ತರಂದು, ನಲವತ್ತು ವರ್ಷದ ಕೆಳಗೆ, ಇಬ್ಬರು ಮನುಷ್ಯರು ಪ್ರಪಂಚದ ಅತಿ ಎತ್ತರದ ಶಿಖರದ ಮೇಲೆ ನಿಂತರು. ಇದು ಆಗುವುದಿಲ್ಲ ಎಂದು ಹೇಳಿದವರೆಲ್ಲ ಆ ಹೊತ್ತಿನಲ್ಲಿ ಕೆಳಗಿದ್ದರು.”

ಮೈಕು ನಿಲ್ಲಿಸುವುದನ್ನು ಮರೆತಿದ್ದರಿಂದ ಮುಂದಿನ ಮಾತೂ ಕೇಳಿಸಿತು. “ಲೇ ಕರಿಯಪ್ಪ, ಎಷ್ಟೊತ್ಲಾ ಟೀ ಕುಡಿಯೋದು? ಬಂದು ಗಾಡಿ ತಗ್ಯೋ. ಜನ ನನ್ನ ಅರ್ದು ತಿಂದಾಕ್ತಾವ್ರೆ.”

ನಿಲ್ದಾಣವೆಲ್ಲ ನಕ್ಕಿತು. ಮಾವ ಮಾತ್ರ ನಗಲಿಲ್ಲ. “ಬಸ್ಸೆಲ್ಲಿ ಅಂದ್ರೆ ಬೆಟ್ಟ ಅಂತಾನಲ್ಲ, ಅದ್ಯಾರ್ಲಾ ಅವ್ನು?” ಎಂದು ಕಂಟ್ರೋಲರ್ ಕೋಣೆಯ ಕಡೆ ನೋಡಿದರು. ನಾನೂ ನೋಡಿದೆ. ಕಬ್ಬಿಣದ ಸರಳಿನ ಹಿಂದೆ ಒಬ್ಬರು ತೆಳ್ಳನೆಯ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಮೈಕು, ತಮ್ಮ ಮಾತು ಯಾರಿಗಾದರೂ ತಲುಪಿತೇ ಎಂದು ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಬೋರಲಿಂಗಯ್ಯನವರಿಗೆ ಎರಡು ದನಿಗಳಿದ್ದವು. ಮೈಕಿನಲ್ಲಿ ಮಾತನಾಡುವಾಗ ಪುಸ್ತಕದ ಕನ್ನಡ. ‘ವಾಹನ’, ‘ನಿರ್ಗಮಿಸಲಿದೆ’, ‘ದಯಮಾಡಿ’. ಮೈಕು ಕೆಳಗಿಟ್ಟರೆ ಶ್ರೀರಂಗಪಟ್ಟಣದ ಕೋಟೆಯೊಳಗಿನ ಬೀದಿಯ ಕನ್ನಡ. ಎರಡರ ನಡುವೆ ಒಂದು ಗುಂಡಿ ಒತ್ತಬೇಕಿತ್ತು. ಅದನ್ನು ಒತ್ತಲು ಅವರು ದಿನಕ್ಕೆ ನಾಲ್ಕು ಸಲವಾದರೂ ಮರೆಯುತ್ತಿದ್ದರು. ಹಾಗಾಗಿ ಅವರ ನೆಗಡಿ, ಅವರ ತಲೆನೋವು, ಡ್ರೈವರುಗಳ ಮೇಲಿನ ಅವರ ಸಿಟ್ಟು ಎಲ್ಲವೂ ಊರಿಗೆ ಗೊತ್ತಿರುತ್ತಿತ್ತು. ಆದರೆ ಅವರನ್ನು ಯಾರೂ ಬಲ್ಲವರಲ್ಲ. ಹೆಂಡತಿ ಮದುವೆಯಾದ ಮೂರನೇ ವರ್ಷಕ್ಕೇ ತೀರಿಕೊಂಡಿದ್ದರಂತೆ. ಮಕ್ಕಳಿಲ್ಲ. ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದು, ವಾರದ ರಜೆಗೆ ಶ್ರೀರಂಗಪಟ್ಟಣದ ಅಕ್ಕನ ಮನೆಗೆ ಹೋಗಿ ಬರುತ್ತಿದ್ದರು. ಇದನ್ನು ಕೂಡ ನಾನು ತಿಳಿದದ್ದು ಮೂರು ವರ್ಷ ಕಳೆದ ಮೇಲೆ.

ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಯಾವ ಬಸ್ಸು ಹತ್ತುತ್ತಾರೋ ಅದೇ ಅವರ ಹೆಸರು. ತರಕಾರಿ ಬುಟ್ಟಿ ಹೊತ್ತ ಹೆಂಗಸು ‘ಪಾಂಡವಪುರ’. ಕೊಡೆ ಹಿಡಿದ ಮೇಷ್ಟರು ‘ನಾಗಮಂಗಲ’. “ಏನ್ ನಾಗಮಂಗ್ಲ, ಇವತ್ತು ಕೊಡೆ ಇಲ್ಲ?” ಎಂದು ಸರಳಿನ ಹಿಂದಿನಿಂದ ಕೇಳುತ್ತಿದ್ದರು. ನಾನು ಕೊನೆಯತನಕ ಅವರಿಗೆ ‘ಸಿಂಧಘಟ್ಟ’ವಾಗಿಯೇ ಉಳಿದೆ.

ಇತಿಹಾಸದ ಹುಚ್ಚು ಅವರಿಗೆ ಹತ್ತಿದ್ದು ಕಂಡಕ್ಟರ್ ಆಗಿದ್ದಾಗ. ಪಾಂಡವಪುರ, ನಾಗಮಂಗಲದ ದಾರಿಯಲ್ಲಿ ಇಪ್ಪತ್ತು ವರ್ಷ ಟಿಕೇಟು ಹರಿದವರು. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ದಿನಪತ್ರಿಕೆಗಳನ್ನು ಎತ್ತಿಟ್ಟುಕೊಂಡು ಓದುತ್ತಿದ್ದರು. ಹಿಂದೆ ಈ ದಿನ ಏನು ನಡೆಯಿತು ಎಂದು ಮೂಲೆಯಲ್ಲಿ ನಾಲ್ಕು ಸಾಲು ಇದ್ದರೆ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಮೇ ತಿಂಗಳದು ಮಾತ್ರ. ಹಳೆಯ ಟ್ರಿಪ್ ಶೀಟುಗಳ ಹಿಂಬದಿಗೆ ಅವನ್ನು ಅಂಟಿಸಿ, ಮೂವತ್ತೊಂದು ಹಾಳೆಗಳನ್ನು ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿಕೊಂಡಿದ್ದರು. ದಿನಕ್ಕೊಂದು ಹಾಳೆ.

“ಮೇ ಮಾತ್ರ ಯಾಕೆ ಸಾರ್?” ಎಂದು ನಾನು ಮೊದಲ ಸಲ ಕೇಳಿದಾಗ ಅವರು ಕೊಟ್ಟ ಉತ್ತರ ಸರಳವಾಗಿತ್ತು. “ಮೇನಲ್ಲಿ ಮದ್ವೆ ಜಾಸ್ತಿ. ಅರ್ಧ ಗಾಡಿ ದಿಬ್ಬಣಕ್ಕೇ ಓಯ್ತವೆ. ಜನ ಬಿಸ್ಲಲ್ಲಿ ಕಾಯ್ತಾರೆ, ನನ್ನ ಬಯ್ತಾರೆ. ಏನಾದ್ರೂ ಏಳ್ತಾ ಇದ್ರೆ ಅಷ್ಟೊತ್ತು ಬಾಯಿ ಮುಚ್ಕೊಂಡಿರ್ತಾರೆ. ಅಷ್ಟೇಯ.”

ಅಷ್ಟೇ ಅಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಫೇಲಾದ ಮೇಲೆ ಮಾವ ಒಂದು ಅವಕಾಶ ಕೊಟ್ಟಿದ್ದರು. “ಸೆಪ್ಟೆಂಬರಿಗೆ ಒಂದ್ಸಲ ಕಟ್ಟು. ಆಗ್ಲಿಲ್ವಾ, ಗಂಡು ನೋಡ್ತೀನಿ. ಆಮೇಲೆ ಕಣ್ಣೀರಾಕ್ಬಾರ್ದು.” ಬೆರಳಚ್ಚು ಕಲಿಯುವ ನೆಪದಲ್ಲಿ ನಾನು ದಿನವೂ ಕೆ.ಆರ್. ಪೇಟೆಗೆ ಬರುತ್ತಿದ್ದೆ. ತರಗತಿ ಒಂದು ಗಂಟೆ, ಬಸ್ಸಿನ ಕಾಯುವಿಕೆ ಎರಡು ಗಂಟೆ. ಕಲ್ಲು ಬೆಂಚಿನ ಮೇಲೆ ಇತಿಹಾಸದ ಪುಸ್ತಕ ಬಿಚ್ಚಿಕೊಂಡು ಗೊಣಗುತ್ತಾ ಕೂತಿರುತ್ತಿದ್ದೆ. ಒಂದು ದಿನ ಸರಳಿನ ಹಿಂದಿನಿಂದ ದನಿ ಬಂತು.

“ಏ ಸಿಂಧಘಟ್ಟ, ಬಾ ಇಲ್ಲಿ. ಏನು ಅಂಗೆ ಮಂತ್ರ ಏಳ್ತಾ ಇದ್ದೀಯ?”

“ಇಸವಿ ಸಾರ್. ನೆನಪು ಉಳಿಯಲ್ಲ.”

“ಇಸ್ವಿ ಅಂದ್ರೆ ಎಲ್ಲಿ ಉಳೀತದೆ. ಟೈಮು ಅನ್ನು.” ಗೋಡೆಗೆ ಬಡಿದಿದ್ದ ಬಸ್ಸುಗಳ ವೇಳಾಪಟ್ಟಿಯ ಕಡೆ ಪೆನ್ಸಿಲು ತೋರಿಸಿದರು. ಬಸ್ಸಿನವರ ಗಡಿಯಾರ ಇಪ್ಪತ್ತನಾಲ್ಕು ಗಂಟೆಯದು. ನಮ್ಮ ಸಂಜೆ ಐದು ಅವರಿಗೆ ಹದಿನೇಳು, ನಮ್ಮ ಏಳು ಅವರಿಗೆ ಹತ್ತೊಂಬತ್ತು. “ಹದಿನೆಂಟು ಐವತ್ತೇಳು ಯಾವ್ ಗಾಡಿ?”

“ನಾಗಮಂಗಲ.”

“ಯಾರ್ ಹತ್ತುದ್ರು ಅದ್ಕೆ? ಮೀರತ್ತಿನ ಸಿಪಾಯಿಗಳು. ಮೇ ಹತ್ತು. ಹತ್ತೊಂಬತ್ತು ನಲವತ್ತೇಳು?”

“ಪಾಂಡವಪುರ.”

“ಅದ್ರಲ್ಲಿ ಬಿಳಿ ಜನ ಊರಿಗೋದ್ರು. ಹದಿನೆಂಟು ನಲವತ್ನಾಲ್ಕು, ಮೇ ಇಪ್ಪತ್ನಾಲ್ಕು, ಮೊದಲ್ನೇ ತಂತಿ ಸುದ್ದಿ ಹೊರಟಿದ್ದು. ಅದು ನಿಂದೇ ಗಾಡಿ, ಸಿಂಧಘಟ್ಟ. ನಿಮ್ಮೂರ್ಗೆ ಇನ್ನೂ ತಂತಿ ಸರ್ಯಾಗಿ ಬಂದಿಲ್ಲ, ಅದು ಬೇರೆ ಮಾತು.”

ನಾನು ನಕ್ಕೆ. ಇತಿಹಾಸದ ವಿಷಯಕ್ಕೆ ನಕ್ಕದ್ದು ಅದೇ ಮೊದಲು. ಪುಸ್ತಕ ತಿರುವುತ್ತಾ ಇನ್ನೊಂದು ಕೇಳಿದೆ. “ಹದಿನೇಳು ತೊಂಬತ್ತೊಂಬತ್ತು, ಸಾರ್?”

ಅವರು ಪೆನ್ಸಿಲನ್ನು ಕಿವಿಯ ಮೇಲೆ ವಾಪಸು ಸಿಕ್ಕಿಸಿಕೊಂಡರು. “ಅದು ನಮ್ಮೂರ ಗಾಡಿ. ಮೇ ನಾಲ್ಕು. ಐವತ್ತೊಂಬತ್ತರ ಮ್ಯಾಲೆ ಗಡಿಯಾರದಾಗೆ ನಿಮಿಷ ಎಲ್ಲದೆ? ಅದು ಹೊರಡಾಕಿಲ್ಲ ಕಣವ್ವ. ನಿಂತಲ್ಲೇ ನಿಂತದೆ.”

ಹೀಗೆ ನನ್ನ ತಲೆಯಲ್ಲಿ ಇತಿಹಾಸ ಎರಡು ಸಾಲಾಯಿತು. ಹೊರಡುವ ಗಾಡಿಗಳು, ಹೊರಡದ ಗಾಡಿಗಳು. ಕಲ್ಲಿಕೋಟೆಗೆ ಪೋರ್ಚುಗೀಸರ ಹಡಗು ಬಂದ ಹದಿನಾಲ್ಕು ತೊಂಬತ್ತೆಂಟು ಹೊರಡದ ಗಾಡಿ. ದೇಶದ ಮೊದಲ ಪ್ರಧಾನಿ ತೀರಿಕೊಂಡ ಹತ್ತೊಂಬತ್ತು ಅರವತ್ತನಾಲ್ಕು ಹೊರಡದ ಗಾಡಿ. ಯುರೋಪಿನಲ್ಲಿ ಯುದ್ಧ ನಿಂತ ಹತ್ತೊಂಬತ್ತು ನಲವತ್ತೈದು ಸರಿಯಾದ ಸಮಯಕ್ಕೆ ಹೊರಡುವ ಗಾಡಿ. ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಅರವತ್ತೊಂದು ಅಂಕ ಬಂತು. ಅಂಕಪಟ್ಟಿಯನ್ನು ಮನೆಗಿಂತ ಮೊದಲು ಸರಳಿನ ಒಳಗೆ ತೂರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಅರವತ್ತೊಂದು ಅಂದ್ರೆ ಹೊರಡದ ಗಾಡಿ. ಇರ್ಲಿ, ನಿಂದು ಹೊರಡ್ತು” ಎಂದರು.

ಮರುವರ್ಷ ಬಿ.ಎ.ಗೆ ಸೇರಿದೆ. ನಮ್ಮ ಬೀದಿಯಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಆದರೆ ಹೆಮ್ಮೆಯ ಜೊತೆ ಇನ್ನೊಂದಿತ್ತು. ತರಗತಿಯಲ್ಲಿ ಕೇಳಿದ್ದನ್ನು ಮನೆಯಲ್ಲಿ ಹೇಳಲು ಜನವಿರಲಿಲ್ಲ. ಅಮ್ಮ “ಉಂಡ್ಯಾ?” ಎಂದು ಕೇಳುತ್ತಿದ್ದಳು. ಮಾವ “ಬಸ್ಸು ಸಿಕ್ತಾ?” ಎಂದು ಕೇಳುತ್ತಿದ್ದರು. ಹಳೆಯ ಗೆಳತಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಉಳಿದವರಿಗೆ ನನ್ನ ಮಾತು ಬೇಡವಾಯಿತು, ನನಗೂ ಅವರದು. “ಇವತ್ತು ಏನು ಪಾಠ?” ಎಂದು ಕೇಳುತ್ತಿದ್ದವರು ಭೂಮಿಯ ಮೇಲೆ ಒಬ್ಬರೇ. ಅವರು ಕಬ್ಬಿಣದ ಸರಳಿನ ಆಚೆ ಇದ್ದರು, ನಾನು ಈಚೆ. ನಡುವೆ ದಿನಕ್ಕೆ ಹತ್ತು ನಿಮಿಷ. ಅಷ್ಟರಲ್ಲಿ ಇಬ್ಬರಿಗೂ ಒಂದು ದಿನ ಕಳೆಯುವಷ್ಟು ಸಿಗುತ್ತಿತ್ತು.

ತೊಂಬತ್ತೈದರ ಮೇ ನಾಲ್ಕರಂದು ಒಂದು ಘಟನೆ ನಡೆಯಿತು. ಅವರ ಪಾಲಿಗೆ ವರ್ಷದಲ್ಲಿ ಆ ದಿನವೇ ದೊಡ್ಡದು. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮೈಕು ಹಿಡಿದು ತಮ್ಮ ಊರು ಬಿದ್ದ ಕಥೆ ಹೇಳುತ್ತಿದ್ದರು. ಕಾವೇರಿಯಲ್ಲಿ ಬೇಸಿಗೆಯ ನೀರು, ಬಂಡೆಗಳೆಲ್ಲ ಹೊರಗೆ ಕಾಣುವಷ್ಟು. ಆ ಕಡೆಯ ಸಿಪಾಯಿಗಳು ಉರಿಬಿಸಿಲಲ್ಲಿ ಹೊಳೆ ದಾಟಿ ಒಡೆದ ಗೋಡೆ ಹತ್ತಿದರು. ಸುಲ್ತಾನರು ಓಡಿಹೋಗದೆ ಬಾಗಿಲಲ್ಲೇ ಬಿದ್ದರು, ಹೆಣಗಳ ನಡುವೆ ಅವರನ್ನು ದೀವಟಿಗೆ ಹಿಡಿದು ಹುಡುಕಬೇಕಾಯಿತು. “ಇನ್ನು ಹತ್ತು ದಿನ ತಡೆದಿದ್ದರೆ ಮಳೆ ಬಂದು ಹೊಳೆ ತುಂಬುತ್ತಿತ್ತು” ಎಂದು ಮುಗಿಸಿ ಒಂದು ನಿಮಿಷ ಸುಮ್ಮನಿರುತ್ತಿದ್ದರು. ಆ ನಿಮಿಷದಲ್ಲಿ ಮೈಕಿನಿಂದ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು.

ಆ ಸಂಜೆ ನಾನು ಪರೀಕ್ಷೆ ಮುಗಿಸಿ ಕಿಟಕಿಯ ಬಳಿ ನಿಂತಿದ್ದೆ. ಅವರು ಇನ್ನೂ ಮಧ್ಯಾಹ್ನದ ಹೊಳೆಯಲ್ಲೇ ಇದ್ದರು. ನಾಗಮಂಗಲದ ಐದೂವರೆ ಗಾಡಿಯ ಡ್ರೈವರು ಕರಿಯಪ್ಪ ಟ್ರಿಪ್ ಶೀಟು ಚಾಚಿದ. ಬಸ್ಸು ಹೊರಟ ಸಮಯ ಬರೆದು ಸಹಿ ಮಾಡಬೇಕು. ಬೋರಲಿಂಗಯ್ಯನವರು ನನ್ನ ಜೊತೆ ಮಾತನಾಡುತ್ತಲೇ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟರು. ಕರಿಯಪ್ಪ ನೋಡದೆ ಜೇಬಿಗೆ ಇಟ್ಟುಕೊಂಡು ಹೋದ.

ಬರೆದಿದ್ದ ಸಮಯ: ಹದಿನೇಳು ತೊಂಬತ್ತೊಂಬತ್ತು.

ಆ ಹಾಳೆ ನಾಗಮಂಗಲಕ್ಕೆ ಹೋಯಿತು, ಅಲ್ಲಿಂದ ಮೇಲಕ್ಕೆ ಹೋಯಿತು. ವಾರದೊಳಗೆ ಮೆಮೊ ಬಂತು. ಇಲ್ಲದ ಸಮಯದಲ್ಲಿ ಬಸ್ಸನ್ನು ಕಳುಹಿಸಿದ್ದು ಹೇಗೆಂದು ಮೂರು ದಿನದಲ್ಲಿ ವಿವರಣೆ ಕೊಡಬೇಕು. ನಾನು ಕಾಲೇಜಿನಿಂದ ಬಂದಾಗ ಅವರು ಮೆಮೊ ಮುಂದಿಟ್ಟುಕೊಂಡು ಕೂತಿದ್ದರು. ಕರಿಯಪ್ಪ ಬಾಗಿಲಲ್ಲಿ ನಿಂತು, “ನಾನು ಆ ಗಾಡಿ ಓಡ್ಸಿವ್ನಿ ಕಣಣ್ಣ. ಹದಿನೇಳು ತೊಂಬತ್ತೊಂಬತ್ತಕ್ಕೆ ಬುಟ್ಟು ಹದಿನೆಂಟು ಐವತ್ತಕ್ಕೆ ಮುಟ್ಟಿಸ್ದೆ. ನಂಗೊಂದು ಪದಕ ಕೊಡಾಕೇಳು” ಎಂದು ಕಾಡುತ್ತಿದ್ದ.

“ಸುಮ್ಕೆ ಓಗ್ಲಾ” ಎಂದು ಅವನನ್ನು ಅಟ್ಟಿ, ನನ್ನ ಕಡೆ ಹಾಳೆ ಚಾಚಿದರು. “ನೀನು ಬಿ.ಎ. ಓದ್ತಾ ಇರೋಳು. ಒಳ್ಳೇ ಕನ್ನಡದಾಗೆ ಬರ್ಕೊಡು.”

ನನ್ನ ಓದನ್ನು ನಂಬಿ ಒಬ್ಬರು ಕೊಟ್ಟ ಮೊದಲ ಕೆಲಸ ಅದು. ಬೆಂಚಿನ ಮೇಲೆ ಕೂತು ಒಂದೊಂದು ಪದವನ್ನೂ ತೂಗಿ ಬರೆದೆ. ‘ಕೆಲಸದ ಒತ್ತಡದಿಂದ ಕಣ್ತಪ್ಪಿನಿಂದಾದ ಪ್ರಮಾದ’ ಎಂದು ಬರೆದಿದ್ದೆ. ಅವರು ಓದಿ, ಪೆನ್ಸಿಲಿನಿಂದ ಗೀಟು ಹಾಕಿದರು.

“ಒತ್ತಡ ಎಲ್ಲಿತ್ತು? ಸುಳ್ಳ್ಯಾಕೆ? ನಿಜ ಬರಿ. ‘ಆ ದಿನ ಮೇ ನಾಲ್ಕಾಗಿದ್ದರಿಂದ’ ಅಂತ ಬರಿ.”

“ಸಾರ್, ಅವರಿಗೆ ಅರ್ಥ ಆಗಲ್ಲ.”

“ಆಗ್ದಿದ್ರೆ ಶ್ರೀರಂಗಪಟ್ಣಕ್ಕೆ ಬಂದು ಹೊಳೆ ನೋಡ್ಲಿ.”

ಹಾಗೆಯೇ ಬರೆದೆ. ಅದೇ ಹೋಯಿತು. ಉತ್ತರವೂ ಬಂತು: ಇನ್ನು ಮುಂದೆ ಧ್ವನಿವರ್ಧಕದಲ್ಲಿ ಬಸ್ಸುಗಳ ವಿಷಯ ಬಿಟ್ಟು ಬೇರೆ ಯಾವ ಮಾತನ್ನೂ ಆಡಕೂಡದು. ನಾನು ಬರೆದದ್ದೇ ಕೆಟ್ಟಿತೇನೋ ಎಂದು ಬಹಳ ದಿನ ಕೊರಗಿದೆ.

ಮುಂದಿನ ವರ್ಷದ ಮೇ ಬಂದಾಗ ನಿಲ್ದಾಣ ಬೇರೆಯದೇ ಊರಿನಂತೆ ಕಂಡಿತು. ದಿಬ್ಬಣಗಳಿಗೆ ಬಸ್ಸುಗಳು ಹೋಗುತ್ತಿದ್ದವು, ಜನ ಬಿಸಿಲಲ್ಲಿ ಕಾಯುತ್ತಿದ್ದರು, ಬಯ್ಯುತ್ತಿದ್ದರು. ಸ್ಪೀಕರು “ಸಹಕರಿಸಬೇಕು” ಎಂದು ಹೇಳಿ ನಿಂತುಬಿಡುತ್ತಿತ್ತು. ಗುಂಡಿ ಒತ್ತುವುದನ್ನು ಅವರು ಈಗ ಮರೆಯುತ್ತಿರಲಿಲ್ಲ. ಹಾಳೆಗಳ ಪುಸ್ತಕ ಮೇಜಿನ ಮೇಲೆ ಆಯಾ ದಿನಕ್ಕೆ ತೆರೆದಿರುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಮೇ ನಾಲ್ಕರಂದು ಮಧ್ಯಾಹ್ನ ಒಂದಕ್ಕೆ ಅವರು ಮೈಕಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕೂತಿದ್ದನ್ನು ನಾನು ನೋಡಿದೆ. ಒಳಗೆ ಹೋಗಲಿಲ್ಲ. ಹೋಗಬೇಕಿತ್ತು.

ಆ ತಿಂಗಳ ಮೂವತ್ತೊಂದಕ್ಕೆ ಅವರ ನಿವೃತ್ತಿ. ಅವತ್ತು ಸಂಜೆ ಹೋದಾಗ ಯಾರೋ ತಂದ ಹೂವಿನ ಹಾರ ಮೊಳೆಗೆ ತೂಗುಹಾಕಿತ್ತು. ಡ್ರೈವರು ಕಂಡಕ್ಟರುಗಳು ಬಂದು ಕೈಕುಲುಕಿ ಹೋಗಿದ್ದರು. ಕೊನೆಯ ಪ್ರಕಟಣೆ ಮಾಡಿ ಮುಗಿಸಿದವರು ನನ್ನನ್ನು ನೋಡಿ ಕುರ್ಚಿ ಎಳೆದರು. ಮೂರು ವರ್ಷದಲ್ಲಿ ಮೊದಲ ಬಾರಿಗೆ ನಾನು ಸರಳಿನ ಒಳಗೆ ಕೂತೆ.

“ನಾಳಿಕ್ಕೆ ನಾನು ಉಟ್ಟಿದ ದಿವ್ಸ ಅಂತೆ ಕಣವ್ವ. ಜೂನ್ ಒಂದು” ಎಂದರು.

“ಅಂತೆ ಅಂದರೆ?”

“ಅದು ಮೇಷ್ಟ್ರು ಆಕಿದ ತಾರೀಕು. ಇಸ್ಕೂಲಿಗೆ ಸೇರ್ಸಕೋದಾಗ ನಮ್ಮವ್ವನ್ನ ಕೇಳುದ್ರಂತೆ, ಮಗ ಯಾವಾಗ ಉಟ್ಟಿದ್ದು ಅಂತ. ಬ್ಯಾಸ್ಗೇಲಿ, ಹೊಳೆ ಇಳ್ದಿತ್ತು, ಸೀರೆ ನೆನೀದಂಗೆ ಆಚೆ ದಡಕ್ಕೆ ನಡ್ಕೊಂಡು ಓಗ್ಬೋದಿತ್ತು ಅಂದ್ಲಂತೆ. ಅಷ್ಟೇ ಅವ್ಳಿಗೆ ಗೊತ್ತಿದ್ದಿದ್ದು. ಮೇಷ್ಟ್ರು ಜೂನ್ ಒಂದು ಅಂತ ಬರ್ದ್ಬುಟ್ರು. ಹೊಳೆ ಅಷ್ಟು ಇಳಿಯೋದು ಮೇ ತಿಂಗ್ಳಾಗೆ. ಅದು ನಂಗೊತ್ತು. ಇಸ್ವೀನೂ ಗೊತ್ತು. ಹತ್ತೊಂಬತ್ತು ಮೂವತ್ತೆಂಟು, ಹೊರಡೋ ಗಾಡಿನೇ. ಯಾವ್ ತಾರೀಕಿಗೆ ಹೊರಟ್ತು ಅನ್ನೋದೇ ಗೊತ್ತಿಲ್ಲ.”

ಅವರು ಹಾಳೆಗಳ ಪುಸ್ತಕದ ಮೇಲೆ ಕೈಯಿಟ್ಟರು. “ಅದ್ಕೇ ಮೂವತ್ತೊಂದು ದಿವ್ಸಾನೂ ಇಟ್ಕೊಂಡಿವ್ನಿ. ಯಾವ್ದಾರ ಒಂದು ನಂದಾಗಿರ್ತದಲ್ಲ.”

ನಾನು ಹಾಳೆಗಳನ್ನು ತಿರುವಿದೆ. ಹತ್ತೊಂಬತ್ತನೆಯದು ಖಾಲಿ ಇತ್ತು. ಮೇಲೆ ಕೆಂಪು ಶಾಯಿಯಲ್ಲಿ ತಾರೀಕು, ಕೆಳಗೆ ಏನೂ ಇಲ್ಲ.

“ಅವತ್ತು ಏನೂ ಸಿಗ್ನಿಲ್ಲ” ಎಂದರು. “ಇಪ್ಪತ್ತು ವರ್ಷ ಹುಡುಕ್ದೆ. ಏನೋ ನಡ್ದಿರ್ತದೆ, ನನ್ ಕೈಗೆ ಬರ್ಲಿಲ್ಲ. ನಿನ್ ಡಿಗ್ರಿ ಸರ್ಟಿಫಿಕೇಟು ಬರ್ತದಲ್ಲ, ಅದ್ನ ಮೇ ಹತ್ತೊಂಬತ್ತಕ್ಕೆ ತಗೊಂಡು ಪಟ್ಟಣಕ್ಕೆ ಬಾ. ಇದ್ರಾಗೆ ಬರೀತೀನಿ. ಸಿಂಧಘಟ್ಟದ ಮಗು ಬಿ.ಎ. ಆದ ದಿವ್ಸ ಅಂತ. ಬೇರೆ ದಿನ ಬರ್ಬ್ಯಾಡ. ಬೇರೆ ದಿನ ಎಲ್ಲಾ ತುಂಬೋಗವೆ.”

“ಬರ್ತೀನಿ ಸಾರ್.”

“ಖಾಲಿ ಬುಟ್ಟಿರ್ತೀನಿ.”

ಆಗ ಹೊರಗಿನಿಂದ ಕರಿಯಪ್ಪನ ದನಿ ಕೇಳಿಸಿತು. ಯಾವತ್ತೂ ಕಾಡುವ ದನಿಯಲ್ಲ. “ಅಣ್ಣ, ಮೈಕು ಆನಾಗೇ ಅದೆ.”

ತಿರುಗಿ ನೋಡಿದೆವು. ನಿಲ್ದಾಣದಲ್ಲಿ ನೂರು ಜನ ನಿಂತಲ್ಲೇ ನಿಂತಿದ್ದರು. ಬುಟ್ಟಿಯ ‘ಪಾಂಡವಪುರ’ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೋರಲಿಂಗಯ್ಯನವರು ಗುಂಡಿ ಒತ್ತಿದರು. ಹಾರವನ್ನು ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಶ್ರೀರಂಗಪಟ್ಟಣದ ಬಸ್ಸು ಹತ್ತಿದರು.

ಆಮೇಲೆ ಒಂದು ವರ್ಷ ಆ ನಿಲ್ದಾಣದಲ್ಲಿ ಎಲ್ಲರೂ ನನ್ನನ್ನು “ಹತ್ತೊಂಬತ್ತು ಬಂತಾ?” ಎಂದು ಕೇಳುತ್ತಿದ್ದರು. ತೊಂಬತ್ತೇಳರ ಜುಲೈನಲ್ಲಿ ಫಲಿತಾಂಶ ಬಂದಿತು. ಎರಡನೇ ದರ್ಜೆ. ಇತಿಹಾಸದಲ್ಲಿ ತರಗತಿಗೆ ನಾನೇ ಮೊದಲು. ಹಟ್ಟಿಯಲ್ಲಿದ್ದ ಮಾವನಿಗೆ ಹೋಗಿ ಹೇಳಿದೆ. ಅವರು ಹಗ್ಗ ಬಿಗಿಯುತ್ತಿದ್ದವರು ಹಾಗೇ ನಿಂತರು.

“ನಾನು ಆಗಾಕಿಲ್ಲ ಅಂದಿದ್ದೆ” ಎಂದರು.

“ಅಂದಿದ್ರಿ.”

“ಆಯ್ತಲ್ಲ.” ಹಗ್ಗದ ಗಂಟು ಬಿಗಿದು, “ಈಗ ಹಸ ಕರೀಬೇಕು, ಚೊಂಬು ತಾ” ಎಂದರು. ಚೊಂಬು ತರುವಷ್ಟರಲ್ಲಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಅಂಕಪಟ್ಟಿ ಹಿಡಿದು ಮರುದಿನವೇ ಶ್ರೀರಂಗಪಟ್ಟಣಕ್ಕೆ ಹೋಗಬಹುದಿತ್ತು. ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ. ಒಂದು ಕಾರ್ಡು ಕೂಡ ಹಾಕಲಿಲ್ಲ. ಪದವಿಯ ಸರ್ಟಿಫಿಕೇಟು ಬರಬೇಕು, ಮೇ ಹತ್ತೊಂಬತ್ತು ಬರಬೇಕು, ಆ ದಿನ ಇದ್ದಕ್ಕಿದ್ದಂತೆ ಅವರ ಬಾಗಿಲಲ್ಲಿ ನಿಲ್ಲಬೇಕು ಎಂದು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ತಾರೀಕನ್ನು ಅಷ್ಟು ನಂಬುವುದನ್ನು ನನಗೆ ಕಲಿಸಿದವರೂ ಅವರೇ. ಆ ಹೊತ್ತಿಗೆ ನಾಗಮಂಗಲದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಒಂದು ಕೋಣೆ ಹಿಡಿದಿದ್ದೆ. ಕೆ.ಆರ್. ಪೇಟೆಯ ನಿಲ್ದಾಣಕ್ಕೆ ಹೋಗುವುದು ತಪ್ಪಿತು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೋಣೆಯಲ್ಲಿ ಕೂತರೆ “ಇವತ್ತು ಏನು ಪಾಠ?” ಎಂದು ಕೇಳುವವರು ಅಲ್ಲಿಯೂ ಇರಲಿಲ್ಲ. ಸರಳಿನ ಹಿಂದೆ ಒಬ್ಬರು ಅಷ್ಟು ವರ್ಷ ಹೇಗೆ ಕೂತಿದ್ದರು ಎಂಬುದು ಆಗ ಸ್ವಲ್ಪ ಗೊತ್ತಾಯಿತು.

ಸರ್ಟಿಫಿಕೇಟು ತೊಂಬತ್ತೆಂಟರ ಮಾರ್ಚಿನಲ್ಲಿ ಬಂತು. ಎರಡು ತಿಂಗಳು ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟು ಕಾದೆ. ಮೇ ಹನ್ನೊಂದಕ್ಕೆ ಮರುಭೂಮಿಯಲ್ಲಿ ಅಣುಬಾಂಬು ಪರೀಕ್ಷೆಯಾದ ಸುದ್ದಿ ಬಂದಾಗ ನನಗೆ ಮೊದಲು ಬಂದ ಯೋಚನೆ, ಅವರ ಹನ್ನೊಂದನೇ ಹಾಳೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂಬುದು. ಹದಿನೆಂಟನೇ ಹಾಳೆಯಲ್ಲಿ ಎಪ್ಪತ್ತನಾಲ್ಕರ ಮೊದಲ ಪರೀಕ್ಷೆ ಇದ್ದದ್ದು ನನಗೆ ನೆನಪಿತ್ತು.

ಹತ್ತೊಂಬತ್ತರ ಬೆಳಿಗ್ಗೆ ನಾಗಮಂಗಲದಿಂದ ಬಸ್ಸು ಹತ್ತಿದೆ. ಪಾಂಡವಪುರ ದಾಟಿ ಶ್ರೀರಂಗಪಟ್ಟಣದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೋಟೆಯೊಳಗೆ ಕೇಳುತ್ತಾ ಹೋದೆ. “ಬಸ್ಸಿನ ಬೋರಣ್ಣನ ಮನೆಯಾ? ಹೊಳೆ ಕಡೆ ಓಗು” ಎಂದರು.

ಹೆಂಚಿನ ಮನೆಯ ಜಗುಲಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಅದೇ ತೆಳ್ಳನೆಯ ಮುಖ. ಅಕ್ಕ ಸಣ್ಣಮ್ಮ. ನಾನು ಯಾರೆಂದು ಹೇಳುವ ಮೊದಲೇ ಅವರು ನನ್ನ ಕೈಯಲ್ಲಿದ್ದ ಉದ್ದನೆಯ ಲಕೋಟೆ ನೋಡಿದರು.

“ನೀನು ಸಿಂಧಘಟ್ಟವಾ?”

ತಲೆಯಾಡಿಸಿದೆ.

“ದೀಪಾವಳಿ ಆಗಿ ಎಂಟು ದಿವ್ಸಕ್ಕೆ ಓದ ಕಣವ್ವ. ಜ್ವರ ಅಂತ ಮಲ್ಗಿದ್ದ. ಮೂರೇ ದಿನ.” ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ನೀನು ಬರೋದು ಬ್ಯಾಸ್ಗೆಗೆ ಅಂತ ಅವ್ನಿಗೆ ಗೊತ್ತಿತ್ತು. ಕಾಗ್ದ ಹಾಕ್ಸಲಾ ಅಂತ ಕೇಳ್ದೆ. ಬ್ಯಾಡ, ಅವ್ಳಿಗೆ ತಾರೀಕು ಏಳಿವ್ನಿ, ಬತ್ತಾಳೆ ಅಂದ.”

ದೀಪಾವಳಿ. ಮೇ ತಿಂಗಳ ಮೂವತ್ತೊಂದು ದಿನವನ್ನೂ ಹಿಡಿದಿಟ್ಟುಕೊಂಡಿದ್ದ ಮನುಷ್ಯ ತನಗೆ ಏನೇನೂ ಗೊತ್ತಿಲ್ಲದ ತಿಂಗಳಲ್ಲಿ ಹೋಗಿದ್ದರು. ಅಷ್ಟರಲ್ಲಿ ನಾನು ಪಾಸಾಗಿ ನಾಲ್ಕು ತಿಂಗಳಾಗಿತ್ತು. ಅದು ಅವರಿಗೆ ಗೊತ್ತೇ ಆಗಲಿಲ್ಲ. ನಾನು ಜಗುಲಿಯ ಕಂಬ ಹಿಡಿದು ಕೂತೆ. ಎದುರಿಗೆ ಕೋಟೆಯ ಗೋಡೆ, ಅದರ ಒಡಕಿನಲ್ಲಿ ಹೊಳೆ ಕಾಣುತ್ತಿತ್ತು. ಬಂಡೆಗಳೆಲ್ಲ ಹೊರಗಿದ್ದವು. ಇಬ್ಬರು ಹೆಂಗಸರು ಬಟ್ಟೆಯ ಗಂಟು ಹೊತ್ತು ಕಾಲು ಮಾತ್ರ ನೆನೆಸಿಕೊಂಡು ಆಚೆ ದಡಕ್ಕೆ ನಡೆಯುತ್ತಿದ್ದರು.

ಸಣ್ಣಮ್ಮ ಒಳಗೆ ಹೋಗಿ ಗೋಣಿದಾರದ ಪುಸ್ತಕ ತಂದರು. “ಇದ್ನ ನಿಂಗೇ ಕೊಡು ಅಂದಿದ್ದ. ನಂಗೆ ಓದಾಕ್ ಬರಾಕಿಲ್ಲ.” ತೆರೆದು ನೋಡಿದೆ. ಹತ್ತೊಂಬತ್ತನೇ ಹಾಳೆ ಖಾಲಿಯಾಗಿಯೇ ಇತ್ತು. ಹೇಳಿದ ಮಾತು ಉಳಿಸಿಕೊಂಡಿದ್ದರು.

ಲಕೋಟೆಯಿಂದ ಸರ್ಟಿಫಿಕೇಟು ತೆಗೆದು ಸಣ್ಣಮ್ಮನ ಕೈಗೆ ಕೊಟ್ಟೆ. ಬೇರೆ ಯಾರಿಗೆ ಕೊಡಬೇಕೆಂದು ತೋಚಲಿಲ್ಲ. ಅವರು ಅದನ್ನು ಎರಡೂ ಕೈಯಲ್ಲಿ, ಬಿಸಿ ತಟ್ಟೆ ಹಿಡಿದಂತೆ ಅಂಚಿನಲ್ಲಿ ಹಿಡಿದುಕೊಂಡರು. ಮೊಹರನ್ನು ನೋಡಿದರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು, ತೋರಿಸಿದೆ. ಬಹಳ ಹೊತ್ತು ಆ ಸಾಲನ್ನೇ ನೋಡುತ್ತಿದ್ದು, ಆಮೇಲೆ ಹೊಳೆಯ ಕಡೆ ತಿರುಗಿದರು.

“ಇವತ್ತು ಯಾವ್ ತಾರೀಕು ಅಂದೆ?”

“ಹತ್ತೊಂಬತ್ತು, ಅಮ್ಮ.”

“ಅವ್ನು ಉಟ್ಟಿದಾಗ ನಂಗೆ ಎಂಟು ವರ್ಸ. ಸೂಲಗಿತ್ತಿ ಕರ್ಕೊಂಡ್ ಬರಾಕೆ ಆಚೆ ದಡಕ್ಕೆ ನಾನೇ ಓಡೋಗಿದ್ದು. ತಾರೀಕು ಗೀರೀಕು ನಂಗೊತ್ತಿಲ್ಲ ಕಣವ್ವ. ಹೊಳೆ ಇಂಗೇ ಇತ್ತು, ಇಷ್ಟೇ ನೀರು. ಇವತ್ತೇ ಅಂತ ಬರ್ಕೋ.”